ಎರಡು ಮೂಗಿನ ವ್ಯಾನು

ಮಕ್ಕಳೇ, "ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು" ಎಂಬ ಗಾದೆಯನ್ನು ನಿಮ್ಮ ಅಜ್ಜಿ ಒಮ್ಮೆಯಾದರೂ ಹೇಳಿರುತ್ತಾರೆ. ಎತ್ತನ್ನೂ ಕೋಣವನ್ನೂ ಒಂದೇ ನೊಗಕ್ಕೆ ಕಟ್ಟಿದರೆ ಹೀಗೇ ಆಗುವುದು. ಎತ್ತಿಗೆ ದಿಬ್ಬದ ಮೇಲೆ ಕಣ್ಣು, ಕೋಣಕ್ಕೆ ಕೆರೆಯ ಮೇಲೆ ಕಣ್ಣು. ಎರಡರಲ್ಲಿ ಯಾವುದೂ ಸೋಮಾರಿಯಲ್ಲ, ಎರಡೂ ಬಲ ಹಾಕಿಯೇ ಎಳೆಯುತ್ತವೆ. ಆದರೂ ಗಾಡಿ ಮಾತ್ರ ಇದ್ದಲ್ಲೇ ಒದ್ದಾಡುತ್ತದೆ.

ಎರಡು ಕಾರ್ಬುರೇಟರ್ ಇರುವ ಎಂಜಿನ್ನಿಗೂ ಇದೇ ಕಾಯಿಲೆ ಬರುತ್ತದೆ. ಅದನ್ನು ವಾಸಿ ಮಾಡುವ ಕ್ರಮವನ್ನು ಚಿಕ್ಕಬಳ್ಳಾಪುರದ ಒಂದು ಗ್ಯಾರೇಜಿನಲ್ಲಿ ನಾನು ಕಣ್ಣಾರೆ ನೋಡಿದೆ, ಎಂಟನೇ ತರಗತಿಯ ನನ್ನ ಮೊಮ್ಮಗಳು ಕಿವಿಯಾರೆ ಕೇಳಿದಳು. ಆ ಕಥೆಗೆ ಮೊದಲು ಕಾರ್ಬುರೇಟರ್ ಎಂದರೆ ಏನು ಎಂಬುದನ್ನು ತಿಳಿದುಕೊಳ್ಳೋಣ.

ನಿಮ್ಮ ತಾತನಿಗೆ ಫ್ಲಿಟ್ ಪಂಪು ಗೊತ್ತಿರುತ್ತದೆ, ಕೇಳಿ ನೋಡಿ. ಸೊಳ್ಳೆಗೆ ಔಷಧಿ ಹೊಡೆಯುವ ತಗಡಿನ ಪಂಪು. ಹಿಡಿಯನ್ನು ನೂಕಿದರೆ ಗಾಳಿ ಒಂದು ಸಣ್ಣ ಕೊಳವೆಯ ಬಾಯಿಯ ಮೇಲೆ ರಭಸವಾಗಿ ಹಾಯುತ್ತದೆ. ಆಗ ಡಬ್ಬಿಯಲ್ಲಿರುವ ಔಷಧಿ ಮೇಲೆದ್ದು ಮಂಜಿನ ಹಾಗೆ ಚೆಲ್ಲುತ್ತದೆ. ಕಾರ್ಬುರೇಟರ್ ಮಾಡುವುದೂ ಅದೇ ಕೆಲಸ. ಪಂಪಿನಲ್ಲಿ ಗಾಳಿಯನ್ನು ನಾವು ನೂಕುತ್ತೇವೆ. ಎಂಜಿನ್ನಿನಲ್ಲಿ ಪಿಸ್ಟನ್ ಅದನ್ನು ಒಳಕ್ಕೆ ಎಳೆದುಕೊಳ್ಳುತ್ತದೆ, ಅಷ್ಟೇ ವ್ಯತ್ಯಾಸ. ಗಾಳಿ ಹೋಗುವ ದಾರಿ ನಡುವೆ ಸೊಂಟದಂತೆ ಕಿರಿದಾಗಿರುತ್ತದೆ. ಅಲ್ಲಿ ಗಾಳಿಯ ವೇಗ ಹೆಚ್ಚಿ ಒತ್ತಡ ಇಳಿಯುತ್ತದೆ. ಇಳಿದ ಕಡೆಗೆ ಪೆಟ್ರೋಲು ಸಣ್ಣ ತೂತಿನಿಂದ ಚಿಮ್ಮಿ ಗಾಳಿಯಲ್ಲಿ ಬೆರೆಯುತ್ತದೆ. ಈ ಕಿರಿದಾದ ಸೊಂಟಕ್ಕೆ ವೆಂಚುರಿ ಎಂದು ಹೆಸರು. ಅದರ ಗುಣವನ್ನು ಅಭ್ಯಾಸ ಮಾಡಿದ ಇಟಲಿಯ ವಿಜ್ಞಾನಿ ವೆಂಚುರಿ (1746–1822) ಕಾಲದಲ್ಲಿ ಪೆಟ್ರೋಲ್ ಗಾಡಿಗಳೇ ಇರಲಿಲ್ಲ!

ಬೆರಕೆಗೆ ಒಂದು ಅಳತೆ ಇದೆ. ಮುದ್ದೆ ಮಾಡುವವರನ್ನು ಕೇಳಿ: ಹಿಟ್ಟು ಹೆಚ್ಚಾದರೆ ಕಲ್ಲು, ನೀರು ಹೆಚ್ಚಾದರೆ ಅಂಬಲಿ. ಹಾಗೆಯೇ 1 ಕೆಜಿ ಪೆಟ್ರೋಲು ಪೂರ್ತಿ ಉರಿಯಲು ಸುಮಾರು 15 ಕೆಜಿ ಗಾಳಿ ಬೇಕು. ಗಾಳಿಗೂ ತೂಕವೇ ಎಂದು ನಗಬೇಡಿ. ನಮ್ಮ ಊರಿನ ಎತ್ತರದಲ್ಲಿ ಒಂದು ಘನ ಮೀಟರ್ ಗಾಳಿ ಒಂದು ಕೆಜಿಗಿಂತ ಸ್ವಲ್ಪ ಹೆಚ್ಚು ತೂಗುತ್ತದೆ. ಲೆಕ್ಕ ಹಾಕಿದರೆ ಒಂದು ಲೀಟರ್ ಪೆಟ್ರೋಲು ಉರಿಸಲು ಸುಮಾರು 10,000 ಲೀಟರ್ ಗಾಳಿ ಬೇಕಾಗುತ್ತದೆ. ಬೇಸಿಗೆಯಲ್ಲಿ ನಮ್ಮ ಬೀದಿಗೆ ಬರುವ 5,000 ಲೀಟರಿನ ನೀರಿನ ಟ್ಯಾಂಕರು ಗೊತ್ತಲ್ಲ, ಅಂಥ ಎರಡು ಟ್ಯಾಂಕರು ತುಂಬುವಷ್ಟು. ಅದಕ್ಕೇ ನಾನು ಕಾರ್ಬುರೇಟರನ್ನು ಎಂಜಿನ್ನಿನ ಮೂಗು ಎನ್ನುತ್ತೇನೆ. ಪೆಟ್ರೋಲು ಕುಡಿಯುವುದಕ್ಕಿಂತ ಉಸಿರಾಡುವುದೇ ಅದರ ದೊಡ್ಡ ಕೆಲಸ.

ಒಂದು ಮೂಗು ಸಾಲದೇ, ಎರಡೇಕೆ? ಜರ್ಮನಿಯ ಫೋಕ್ಸ್‌ವ್ಯಾಗನ್ ವ್ಯಾನನ್ನು ಚಿತ್ರದಲ್ಲಾದರೂ ನೀವು ನೋಡಿರುತ್ತೀರಿ: ಬ್ರೆಡ್ಡಿನಂಥ ಮೈ, ಮುಖದ ಮೇಲೆ ದೊಡ್ಡ ದುಂಡು ಗುರುತು. 1947ರಲ್ಲಿ ಬೆನ್ ಪೋನ್ ಎಂಬ ಡಚ್ ವ್ಯಾಪಾರಿ ಇದರ ಮೊದಲ ಚಿತ್ರವನ್ನು ಒಂದು ಹಾಳೆಯ ಮೇಲೆ ಗೀಚಿದರು, 1950ರಲ್ಲಿ ತಯಾರಿಕೆ ಶುರುವಾಯಿತು. 1960–70ರ ದಶಕಗಳಲ್ಲಿ ಯುರೋಪಿನ ಎಷ್ಟೋ ಯುವಕರು ಇಂಥ ವ್ಯಾನು ಹತ್ತಿ ಟರ್ಕಿ, ಇರಾನ್, ಅಫ್ಘಾನಿಸ್ತಾನ, ಪಾಕಿಸ್ತಾನ ದಾಟಿ ರಸ್ತೆಯಲ್ಲೇ ಭಾರತಕ್ಕೆ ಬರುತ್ತಿದ್ದರು. ಇದರ ಎಂಜಿನ್ ಹಿಂಭಾಗದಲ್ಲಿದೆ. ಅದಕ್ಕೆ ರೇಡಿಯೇಟರೂ ಇಲ್ಲ, ನೀರೂ ಇಲ್ಲ. ಫ್ಯಾನಿನ ಗಾಳಿಯೇ ಅದನ್ನು ತಣ್ಣಗಿಡುತ್ತದೆ. ನಾಲ್ಕು ಸಿಲಿಂಡರುಗಳು ನೆಟ್ಟಗೆ ನಿಂತಿಲ್ಲ, ಎಡಕ್ಕೆ ಎರಡು, ಬಲಕ್ಕೆ ಎರಡು ಅಡ್ಡಡ್ಡ ಮಲಗಿವೆ. ನಡುವೆ ಒಂದೇ ಕಾರ್ಬುರೇಟರ್ ಇಟ್ಟರೆ ಬೆರಕೆ ಎರಡೂ ಕಡೆಗೆ ಉದ್ದನೆಯ ಪೈಪಿನಲ್ಲಿ ಹೋಗಬೇಕು. ಪೈಪು ತಣ್ಣಗಿದ್ದರೆ ಪೆಟ್ರೋಲು ದಾರಿಯಲ್ಲೇ ಹನಿಗಟ್ಟುತ್ತದೆ. ಆದ್ದರಿಂದ 1972ರ ಮಾದರಿಯಲ್ಲಿ ದೊಡ್ಡದಾದ 1.7 ಲೀಟರ್ ಎಂಜಿನ್ ಬಂದಾಗ ಎಡಕ್ಕೊಂದು ಬಲಕ್ಕೊಂದು ಸೋಲೆಕ್ಸ್ ಕಾರ್ಬುರೇಟರ್ ಕೂರಿಸಿದರು.

ನಮ್ಮ ಕಡೆ ಎರಡು ಕಾರ್ಬುರೇಟರ್ ಎಂದರೆ ಹಳಬರಿಗೆ ನೆನಪಾಗುವುದು 1983ರಲ್ಲಿ ಬಂದ ರಾಜ್‌ದೂತ್ 350 ಮೋಟಾರ್ ಸೈಕಲ್. ಅದಕ್ಕೂ ಎರಡು ಸಿಲಿಂಡರು, ಎರಡು ಮೂಗು, ಗಾಳಿಯೇ ತಂಪು. ಭಾನುವಾರ ಬೆಳಿಗ್ಗೆ ನಂದಿ ಬೆಟ್ಟದ ರಸ್ತೆಯಲ್ಲಿ ನಿಂತರೆ ಚೆನ್ನಾಗಿ ಸಾಕಿಕೊಂಡ ಒಂದೆರಡು ಈಗಲೂ ಕಣ್ಣಿಗೆ ಬೀಳುತ್ತವೆ.

ಇಷ್ಟು ಗೊತ್ತಾದ ಮೇಲೆ ಗ್ಯಾರೇಜಿಗೆ ಹೋಗೋಣ. ಒಂದು ಶನಿವಾರ ಸಂಜೆ ಇಂಥದೇ ವ್ಯಾನು ಕೆಮ್ಮುತ್ತಾ, ಸೈಲೆನ್ಸರಿನಲ್ಲಿ ಪಟಪಟ ಎನ್ನುತ್ತಾ ಬಂದು ಅಲ್ಲಿ ನಿಂತಿತಂತೆ. ಬೆಂಗಳೂರಿನ ಒಬ್ಬರು ಹೆಂಡತಿಯನ್ನೂ ಎಂಬತ್ತು ದಾಟಿದ ತಾಯಿಯನ್ನೂ ಕೂರಿಸಿಕೊಂಡು ನಂದಿ ನೋಡಿ, ಶಿಡ್ಲಘಟ್ಟ, ಚಿಂತಾಮಣಿ ದಾರಿಯಲ್ಲಿ ಕೈವಾರಕ್ಕೆ ಹೊರಟಿದ್ದರು. ಕೈವಾರ ತಾತಯ್ಯನ ದರ್ಶನ ಆ ತಾಯಿಯ ಬಹುದಿನದ ಆಸೆ. ಮನೆಯವರನ್ನು ಲಾಡ್ಜಿನಲ್ಲಿ ಬಿಟ್ಟು ಭಾನುವಾರ ಬೆಳಿಗ್ಗೆ ಎಂಟಕ್ಕೇ ಅವರು ಗ್ಯಾರೇಜಿನಲ್ಲಿದ್ದರು. ಸ್ಕೂಟರಿನ ಕ್ಲಚ್ ವೈರ್ ಹಾಕಿಸಲು ನಾನೂ ಮೊಮ್ಮಗಳೂ ಅದೇ ಹೊತ್ತಿಗೆ ಹೋದೆವು.

"ಕಾರ್ಬುರೇಟರ್ ಕೆಟ್ಟಿದೆ ಮೇಸ್ತ್ರಿ. ನಾನೂ ಸ್ಕ್ರೂ ತಿರುಗಿಸಿ ತಿರುಗಿಸಿ ಸಾಕಾಯಿತು. ಎಡಗಡೆ ಜಾಸ್ತಿ ಮಾಡಿದರೆ ಸ್ವಲ್ಪ ಹೊತ್ತು ಓಡುತ್ತೆ, ಮತ್ತೆ ಅದೇ ರಾಗ" ಎಂದರು ಅವರು.

ಮೇಸ್ತ್ರಿಗೆ ಅರವತ್ತರ ಮೇಲಾಗಿದೆ. ಹುಡುಗನಾಗಿದ್ದಾಗ ಗೌರಿಬಿದನೂರಿನಲ್ಲಿ ರಾಜ್‌ದೂತ್ 350 ರಿಪೇರಿ ಮಾಡುವವರ ಹತ್ತಿರ ಕೆಲಸ ಕಲಿತವರು. "ಕಾರ್ಬುರೇಟರಿನ ಮೇಲೆ ಆಮೇಲೆ ಕೈ ಇಡೋಣ ಸಾರ್. ಮೊದಲು ಅದನ್ನು ಬಿಟ್ಟು ಮಿಕ್ಕಿದ್ದೆಲ್ಲ ಸರಿ ಇದೆಯಾ ನೋಡೋಣ" ಎಂದರು.

ಅವರ ಕ್ರಮವನ್ನು ಬರೆದಿಟ್ಟುಕೊಳ್ಳುವಂತಿತ್ತು. ರಾತ್ರಿಯಿಡೀ ನಿಂತ ಎಂಜಿನ್ ತಣ್ಣಗಿತ್ತಲ್ಲ, ಮೊದಲು ಟ್ಯಾಪೆಟ್ ನೋಡಿದರು. ಸಿಲಿಂಡರಿನ ಬಾಗಿಲುಗಳಂತಿರುವ ವಾಲ್ವುಗಳಿಗೆ ಬಿಡಬೇಕಾದ ಸಂದು ಅದು. ಈ ಎಂಜಿನ್ನಿನಲ್ಲಿ ಅದು 0.15 ಮಿಲಿಮೀಟರ್ ಇರಬೇಕು, ನೋಟ್‌ಬುಕ್ಕಿನ ಎರಡು ಹಾಳೆ ಸೇರಿಸಿದಷ್ಟು ದಪ್ಪ. ಎಂಟು ವಾಲ್ವುಗಳಲ್ಲಿ ಎರಡನ್ನು ಮಾತ್ರ ಕೊಂಚ ಸರಿಪಡಿಸಿದರು. ಆಮೇಲೆ ಪಾಯಿಂಟ್, ಟೈಮಿಂಗ್. ಅದಾದ ಮೇಲೆ ನಾಲ್ಕೂ ಪ್ಲಗ್ ಬಿಚ್ಚಿ, ಯಾವುದು ಯಾವ ಕಡೆಯದು ಎಂದು ತಿಳಿಯುವಂತೆ ಹಳೆಯ ಪೇಪರಿನ ಮೇಲೆ ಸಾಲಾಗಿ ಇಟ್ಟರು.

"ಪಾಪಾ, ಏನು ಕಾಣಿಸ್ತು ಹೇಳು" ಎಂದರು ಮೊಮ್ಮಗಳಿಗೆ.

ಎಡಗಡೆಯ ಎರಡು ಪ್ಲಗ್ ಒಲೆಯ ಮಸಿಯಂತೆ ಕಪ್ಪಗಿದ್ದವು. ಬಲಗಡೆಯ ಎರಡು ಸುಣ್ಣ ಬಳಿದಂತೆ ಬೆಳ್ಳಗಿದ್ದವು. ಸರಿಯಾಗಿ ಉರಿಯುವ ಎಂಜಿನ್ನಿನ ಪ್ಲಗ್ ತಿಳಿಗಂದು ಬಣ್ಣಕ್ಕಿರುತ್ತದೆ. ಕಪ್ಪಗಾದರೆ ಪೆಟ್ರೋಲು ಜಾಸ್ತಿ, ಬೆಳ್ಳಗಾದರೆ ಗಾಳಿ ಜಾಸ್ತಿ. ಒಂದೇ ಎಂಜಿನ್ನಿನಲ್ಲಿ ಒಂದು ಕಡೆ ಅಂಬಲಿ, ಇನ್ನೊಂದು ಕಡೆ ಕಲ್ಲು!

ಇದು ಬರೀ ಕೆಮ್ಮಿನ ವಿಷಯವಲ್ಲ. ಪೆಟ್ರೋಲು ಕಡಿಮೆಯಾದ ಕಡೆ ಬಿಸಿ ಏರುತ್ತದೆ. ನೀರಿನ ಆಸರೆ ಇಲ್ಲದ ಎಂಜಿನ್ನಿನಲ್ಲಿ ಅದು ಇನ್ನೂ ಅಪಾಯ, ವಾಲ್ವು ಸುಟ್ಟುಹೋಗಬಹುದು. ಶಿಡ್ಲಘಟ್ಟದಲ್ಲಿ ರೇಷ್ಮೆ ಬಿಚ್ಚುವುದನ್ನು ನೋಡಿದವರಿಗೆ ಇದು ಬೇಗ ಅರ್ಥವಾದೀತು. ಹಲವು ಗೂಡುಗಳ ಎಳೆ ಸೇರಿ ಒಂದು ನೂಲಾಗುತ್ತದೆ. ಒಂದು ಗೂಡಿನ ಎಳೆ ಮುಗಿದದ್ದು ಗಮನಿಸದೆ ಹೋದರೆ ಅಲ್ಲಿಂದ ನೂಲು ತೆಳ್ಳಗಾಗುತ್ತದೆ. ಇಲ್ಲಿಯೂ ನಾಲ್ಕು ಸಿಲಿಂಡರಿನ ಬಲ ಸೇರಿ ಒಂದೇ ಶಾಫ್ಟನ್ನು ತಿರುಗಿಸಬೇಕು.

ಪ್ಲಗ್ ಒರೆಸಿ ಹಾಕಿ ಎಂಜಿನ್ ಶುರು ಮಾಡಿದರು. ಅದು ನಡುಗುತ್ತಾ ಓಡತೊಡಗಿತು. ಮೇಸ್ತ್ರಿ ಬಲಗಡೆಯ ರಬ್ಬರ್ ಪೈಪುಗಳನ್ನು ಒಂದೊಂದಾಗಿ ಬೆರಳಿನಿಂದ ಬಾಗಿಸಿ ನೋಡಿದರು. ಕಾರ್ಬುರೇಟರಿನ ಕೆಳಗಿನಿಂದ ಬ್ರೇಕ್ ಬೂಸ್ಟರಿಗೆ ಹೋಗುವ ಪೈಪನ್ನು ಇಕ್ಕಳದಿಂದ ಮೆಲ್ಲಗೆ ಅದುಮಿದ ಕೂಡಲೇ ಎಂಜಿನ್ನಿನ ದನಿಯೇ ಬದಲಾಯಿತು, ನಡುಕ ತಗ್ಗಿತು. ಬಿಟ್ಟರೆ ಮತ್ತೆ ನಡುಕ. ಎಂಜಿನ್ ನಿಲ್ಲಿಸಿ ಆ ಪೈಪನ್ನು ಬಿಚ್ಚಿ ಬಾಗಿಸಿದಾಗ ಕೆಳಮೈಯಲ್ಲಿ ಉಗುರಿನಷ್ಟು ಉದ್ದದ ಬಿರುಕು ಬಾಯಿ ಬಿಟ್ಟಿತು. ಮೂಗಿನಲ್ಲಿ ಬರಬೇಕಾದ ಗಾಳಿ ಕಳ್ಳದಾರಿಯಲ್ಲಿ ಬರುತ್ತಿತ್ತು. ಆ ಗಾಳಿಯ ಜೊತೆ ಪೆಟ್ರೋಲು ಇಲ್ಲ. ಅದಕ್ಕೇ ಬಲಗಡೆ ಬೆಳ್ಳಗೆ.

"ಇದು ಬ್ರೇಕಿನ ಪೈಪೂ ಹೌದು ಸಾರ್. ಅಜ್ಜಿಯನ್ನು ಕೂರಿಸಿಕೊಂಡು ಬೆಟ್ಟ ಇಳಿದು ಬಂದಿದ್ದೀರಿ" ಎಂದಷ್ಟೇ ಹೇಳಿದರು ಮೇಸ್ತ್ರಿ. ಯಜಮಾನರು ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಈ ಮಾತನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಬಲಗಡೆ ಸೊರಗಿದ್ದು ಬಿರುಕಿನಿಂದ. ಯಜಮಾನರು ಬಿರುಕು ಹುಡುಕದೆ ಎಡಗಡೆಗೆ ಹೆಚ್ಚು ಹೊರಿಸುತ್ತಾ ಹೋದರು. ಹಾಗೆ ಮಾಡಿದಾಗ ಗಾಡಿಯೇನೋ ಓಡುತ್ತದೆ. ಆದರೆ ಸೊರಗಿದ್ದು ಇನ್ನಷ್ಟು ಸೊರಗುತ್ತದೆ, ಚೆನ್ನಾಗಿದ್ದದ್ದೂ ಮಸಿ ಹಿಡಿಯುತ್ತದೆ. ಬ್ಯಾಂಕಿನಲ್ಲಿ ಸಂಜೆ ಲೆಕ್ಕ ತಾಳೆಯಾಗದಿದ್ದರೆ ಕೂಡಿದ ಮೊತ್ತವನ್ನು ತಿದ್ದುವ ಹಾಗಿರಲಿಲ್ಲ. ಒಂದೊಂದು ವೋಚರಿಗೂ ಟಿಕ್ ಹಾಕುತ್ತಾ ಹಿಂದಕ್ಕೆ ಹೋಗಬೇಕಿತ್ತು. ಮೇಸ್ತ್ರಿ ಮಾಡಿದ್ದೂ ಅದನ್ನೇ.

ಹೊಸ ಪೈಪು, ಹೊಸ ಕ್ಲಿಪ್ ಬಿತ್ತು. ಈಗ ಜೋಡಿಯನ್ನು ಹೊಂದಿಸುವ ಕೆಲಸ. ಎಂಜಿನ್ನನ್ನು ಕಾಲು ಗಂಟೆ ಓಡಿಸಿ ಚೆನ್ನಾಗಿ ಬಿಸಿ ಮಾಡಿದರು. ಕಾರಣ ಇದೆ. ರೈಲಿನ ಹಳಿ ಬಿಸಿಲಿಗೆ ಹಿಗ್ಗುವಂತೆ ಈ ಎಂಜಿನ್ ಬಿಸಿಯಾದಾಗ ಅಗಲಕ್ಕೆ ಹಿಗ್ಗುತ್ತದೆ, ಎರಡು ಕಾರ್ಬುರೇಟರುಗಳ ನಡುವಿನ ದೂರ ತುಸು ಹೆಚ್ಚುತ್ತದೆ. ತಣ್ಣಗಿದ್ದಾಗ ಹೊಂದಿಸಿದರೆ ದಾರಿಯಲ್ಲಿ ಲೆಕ್ಕ ತಪ್ಪುತ್ತದೆ.

ಮೊದಲು ಎರಡನ್ನೂ ಜೋಡಿಸುವ ಸರಳನ್ನೇ ಕಳಚಿದರು. ಹೊಂದಿಸಬೇಕಾದರೆ ಬಿಡಿಸುವುದೇಕೆ ಎಂದು ಮೊಮ್ಮಗಳು ಕೇಳಿದಳು. "ಒಂದರ ಕೈ ಇನ್ನೊಂದು ಹಿಡಿದಿದ್ದರೆ ಯಾವುದರ ನಡಿಗೆ ಸೊಟ್ಟ ಅಂತ ಗೊತ್ತಾಗಲ್ಲ ಪಾಪಾ" ಎಂದರು.

ಆ ವ್ಯಾನಿಗೆ ಹಾಕಿದ್ದ ಜೋಡಿಯಲ್ಲಿ ಒಂದೊಂದಕ್ಕೂ ಎರಡು ಸ್ಕ್ರೂ. ಒಂದು ಗಾಳಿಯ ಬಾಗಿಲನ್ನು ಎಷ್ಟು ತೆರೆದಿಡಬೇಕು ಎಂಬುದಕ್ಕೆ, ಇನ್ನೊಂದು ಪೆಟ್ರೋಲಿನ ಬೆರಕೆಗೆ. ಯಜಮಾನರು ತಿರುಗಿಸಿದ್ದನ್ನೆಲ್ಲ ಮರೆತು ಎರಡೂ ಕಡೆ ಬೆರಕೆಯ ಸ್ಕ್ರೂವನ್ನು ಹಗುರವಾಗಿ ಪೂರ್ತಿ ಮುಚ್ಚಿ, ಸಮನಾಗಿ ಒಂದೂವರೆ ಸುತ್ತು ತೆರೆದರು.

ಈಗ ಎರಡೂ ಮೂಗು ಸಮನಾಗಿ ಉಸಿರಾಡುತ್ತಿವೆಯೇ ಎಂದು ತಿಳಿಯಬೇಕಲ್ಲ. ಮೇಸ್ತ್ರಿ ಎರಡಡಿ ಉದ್ದದ ರಬ್ಬರ್ ಪೈಪು ತಂದರು. ಒಂದು ತುದಿ ಕಾರ್ಬುರೇಟರಿನ ಬಾಯಿಗೆ, ಇನ್ನೊಂದು ತುದಿ ಕಿವಿಗೆ. ಗಾಳಿ ಹೋಗುವ "ಸ್ಸ್" ಸದ್ದು ಕೇಳುತ್ತದೆ. ಸದ್ದು ಜೋರಿದ್ದ ಕಡೆ ಗಾಳಿ ಹೆಚ್ಚು. ಡಾಕ್ಟರು ಎದೆಗೆ ಇಡುವ ಸ್ಟೆತಾಸ್ಕೋಪೂ ಶುರುವಾದದ್ದು ಹೀಗೆಯೇ. 1816ರಲ್ಲಿ ಫ್ರಾನ್ಸಿನ ಲೆನೆಕ್ ಎಂಬ ವೈದ್ಯರು ಕಾಗದದ ಸುರುಳಿ ಮಾಡಿ ರೋಗಿಯ ಎದೆಯ ಸದ್ದು ಕೇಳಿದರು.

"ನನಗೆ ಈಗ ಆ ಸಣ್ಣ ಸದ್ದು ಸರಿಯಾಗಿ ಕೇಳಲ್ಲ, ಯಜಮಾನರಿಗೂ ಅಷ್ಟೇ ಅನ್ಸುತ್ತೆ" ಎಂದು ಮೇಸ್ತ್ರಿ ನನ್ನ ಕಡೆ ನೋಡಿದರು. ನನ್ನ ವಯಸ್ಸಿನವರಿಗೆಲ್ಲ ಗೊತ್ತಿರುವ ವಿಷಯ: ವಯಸ್ಸಾದಂತೆ ಮೊದಲು ಕೈಬಿಡುವುದು ತೆಳು ದನಿಗಳು, ಹಕ್ಕಿಯ ಚಿಲಿಪಿಲಿ, ಗಾಳಿಯ ಸುಯ್ಯು. "ಪಾಪ ಕೇಳ್ತಾಳೆ. ಜಡೆ ಮೇಲಕ್ಕೆ ಕಟ್ಟಿಕೋ, ವೇಲ್ ತೆಗೆದು ತಾತನ ಕೈಗೆ ಕೊಡು. ತಿರುಗೋದರ ಹತ್ತಿರ ಕೈ ತರಬೇಡ." ಪೈಪಿನ ಆ ತುದಿಯನ್ನು ಅವರೇ ಹಿಡಿದುಕೊಂಡರು.

ಮೊದಲ ಸಲ ಅವಳು "ಎಡಗಡೆ ತುಂಬಾ ಜೋರು" ಎಂದಳು. ಮೇಸ್ತ್ರಿ ತಲೆಯಾಡಿಸಿದರು. "ಅದು ಫ್ಯಾನಿನ ಸದ್ದೂ ಸೇರಿಕೊಂಡಿರಬಹುದು. ಎರಡೂ ಕಡೆ ಒಂದೇ ಜಾಗ, ಒಂದೇ ಆಳಕ್ಕೆ ಹಿಡಿಯೋಣ. ಕಣ್ಣು ಮುಚ್ಚಿ ಕೇಳು." ಎರಡನೆಯ ಸಲವೂ ಎಡವೇ, ಆದರೆ "ಸ್ವಲ್ಪ ಮಾತ್ರ". ಅವರು ಎಡಗಡೆಯ ಗಾಳಿಯ ಸ್ಕ್ರೂವನ್ನು ಕಾಲು ಸುತ್ತಿಗಿಂತ ಕಡಿಮೆ ಹಿಂದಕ್ಕೆ ತಿರುಗಿಸಿದರು. ಮತ್ತೆ ಬಲ, ಮತ್ತೆ ಎಡ. ಐದನೆಯ ಸಲಕ್ಕೆ ಅವಳು ಕಣ್ಣು ಬಿಟ್ಟು "ಈಗ ಯಾವ ಕಡೆ ಇಟ್ಟಿದ್ದೀರಿ ಅಂತಲೇ ಗೊತ್ತಾಗ್ತಿಲ್ಲ" ಎಂದಳು. ಮೇಸ್ತ್ರಿಗೆ ಬೇಕಾಗಿದ್ದ ಉತ್ತರ ಅದೇ.

ಯಜಮಾನರ ಹತ್ತಿರ ಗಾಳಿ ಅಳೆಯುವ ಪುಟ್ಟ ಮೀಟರು ಇತ್ತು. ಗಂಟೆಗೆ ಎಷ್ಟು ಕೆಜಿ ಗಾಳಿ ಹೋಗುತ್ತಿದೆ ಎಂದು ಅದರ ಮುಳ್ಳು ತೋರಿಸುತ್ತದೆ. ಇಟ್ಟು ನೋಡಿದರೆ ಎರಡೂ ಕಡೆ ಮುಳ್ಳು ಒಂದೇ ಗೆರೆಯ ಮೇಲೆ ನಿಂತಿತು. ಮೊಮ್ಮಗಳ ಮುಖ ನೋಡಬೇಕಿತ್ತು.

ಆಮೇಲೆ ಬೆರಕೆ. ಸ್ಕ್ರೂವನ್ನು ಎಂಜಿನ್ ಮಂಕಾಗುವ ತನಕ ಒಳಕ್ಕೆ, ಮತ್ತೆ ಮಂಕಾಗುವ ತನಕ ಹೊರಕ್ಕೆ ತಿರುಗಿಸಿ, ಎರಡರ ನಡುವೆ ಸದ್ದು ನುಣ್ಣಗಿದ್ದ ಕಡೆ ನಿಲ್ಲಿಸಿದರು. ಪುಸ್ತಕದ ಅಳತೆಯನ್ನೇ ನೆಚ್ಚಲಾಗದು. ಚಿಕ್ಕಬಳ್ಳಾಪುರ ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ನಂದಿ ಬೆಟ್ಟದ ತುದಿ 1,478 ಮೀಟರ್. ಮೇಲೆ ಹೋದಂತೆ ಗಾಳಿ ತೆಳುವಾಗುತ್ತದೆ. ಕಡಲ ತೀರಕ್ಕಿಂತ ನಮ್ಮಲ್ಲಿ ನೂರಕ್ಕೆ ಎಂಟು ಪಾಲಿನಷ್ಟು ಕಡಿಮೆ. ಅಲ್ಲಿ ಸರಿಯಾದ ಬೆರಕೆಯಲ್ಲಿ ಇಲ್ಲಿ ಪೆಟ್ರೋಲು ಹೆಚ್ಚೆನಿಸುತ್ತದೆ. ಎಂಜಿನ್ ಓಡುವ ಊರಿನ ಗಾಳಿಯಲ್ಲೇ ಅದನ್ನು ಹೊಂದಿಸಬೇಕು.

ಕೊನೆಗೆ ಕಳಚಿದ್ದ ಸರಳು. ಅದರ ಉದ್ದವನ್ನು ತಿದ್ದಿ ತಿದ್ದಿ, ಯಾವ ಕಡೆಯನ್ನೂ ಜಗ್ಗದಂತೆ ಕೂರಿಸಿದರು. ಸರಳು ಸೇರಿಸಿದಾಗ ಎಂಜಿನ್ನಿನ ವೇಗ ಒಂದಿಷ್ಟೂ ಬದಲಾಗಲಿಲ್ಲ. ಆಕ್ಸಿಲರೇಟರ್ ಸ್ವಲ್ಪ ಒತ್ತಿ ಹಿಡಿದು ಮತ್ತೊಮ್ಮೆ ಎರಡೂ ಕಡೆ ಕೇಳಿಸಿದರು. ನಿಂತಾಗ ಹೊಂದಿಕೊಂಡ ಜೋಡಿ ಓಡುವಾಗಲೂ ಹೊಂದಿಕೊಳ್ಳಬೇಕಲ್ಲ!

ಹನ್ನೆರಡರ ಹೊತ್ತಿಗೆ ವ್ಯಾನು ಹೊರಟಿತು. ವಾಪಸು ಬರುವಾಗ ನಿಲ್ಲಿಸಿ, ಪ್ಲಗ್ ನೋಡಬೇಕು ಎಂದು ಮೇಸ್ತ್ರಿ ಹೇಳಿ ಕಳಿಸಿದ್ದರು. ಮಂಗಳವಾರ ಬಂದು ನಿಲ್ಲಿಸಿದರಂತೆ. ನಾಲ್ಕೂ ಪ್ಲಗ್ ಒಂದೇ ತಿಳಿಗಂದು ಬಣ್ಣ. ಅಜ್ಜಿ ಕೈವಾರದ ಪ್ರಸಾದದ ಪೊಟ್ಟಣವೊಂದನ್ನು "ಪೈಪು ಹಿಡಿದ ಮಗೂಗೆ" ಎಂದು ಗ್ಯಾರೇಜಿನಲ್ಲಿ ಕೊಟ್ಟು ಹೋಗಿದ್ದರು.

ಮಕ್ಕಳೇ, ನೀವು ದೊಡ್ಡವರಾಗಿ ಗಾಡಿ ಓಡಿಸುವಾಗ ಕಾರ್ಬುರೇಟರ್ ಹೊಂದಿಸುವ ಸಂದರ್ಭ ಬರಲಿಕ್ಕಿಲ್ಲ. ಕಾರುಗಳಲ್ಲಿ ಅದು ಎಂದೋ ಹೋಯಿತು. 2020ರ ಏಪ್ರಿಲ್ 1ರಿಂದ ಬಿಎಸ್-6 ನಿಯಮ ಬಂದ ಮೇಲೆ ಹೊಸ ಬೈಕು, ಸ್ಕೂಟರುಗಳಲ್ಲೂ ಬಹುಪಾಲು ಮಾಯವಾಯಿತು. ಪೆಟ್ರೋಲು ಎಷ್ಟು ಬೇಕೆಂದು ಈಗ ಸೆನ್ಸರು, ಕಂಪ್ಯೂಟರು ತೀರ್ಮಾನಿಸುತ್ತವೆ. ಆದರೆ ಎರಡು ಸೇರಿ ಒಂದು ಕೆಲಸ ಮಾಡುವ ಜಾಗಗಳು ಇನ್ನೂ ಬೇಕಾದಷ್ಟಿವೆ: ಒಂದೇ ಬೆಂಚಿನ ಇಬ್ಬರು, ಕಬಡ್ಡಿಯ ಜೋಡಿ, ಮನೆಯ ಅಣ್ಣ ತಂಗಿ. ಒಬ್ಬರು ಹಿಂದೆ ಬಿದ್ದರೆ ಇನ್ನೊಬ್ಬರ ತಲೆಯ ಮೇಲೆ ಎರಡರಷ್ಟು ಹೇರುವುದು ಸುಲಭ. ಹಿಂದೆ ಬಿದ್ದವರಲ್ಲಿ ಬಿರುಕು ಎಲ್ಲಿದೆ ಎಂದು ಹುಡುಕುವುದು ಕಷ್ಟ, ಗಾಡಿ ಮುಂದಕ್ಕೆ ಹೋಗುವುದು ಮಾತ್ರ ಅದರಿಂದಲೇ.

ಈ ಭಾನುವಾರಕ್ಕೆ ಒಂದು ಪ್ರಯೋಗ. ಒಂದು ಎಳನೀರಿಗೆ ಎರಡು ಸ್ಟ್ರಾ ತನ್ನಿ. ಎರಡನ್ನೂ ಒಳಗೆ ಹಾಕಿ ಒಟ್ಟಿಗೆ ಹೀರಿ, ಸಲೀಸಾಗಿ ಬರುತ್ತದೆ. ಈಗ ಒಂದನ್ನು ಎಳನೀರಿನೊಳಗೆ, ಇನ್ನೊಂದನ್ನು ಹೊರಗೆ ಗಾಳಿಯಲ್ಲಿ ಇಟ್ಟು ಎರಡನ್ನೂ ತುಟಿಯಲ್ಲಿ ಹಿಡಿದು ಹೀರಿ ನೋಡಿ. ಎಷ್ಟು ಎಳೆದರೂ ಎಳನೀರು ಬಾಯಿಗೆ ಬರುವುದು ಕಷ್ಟ. ಯಾಕೆ ಎಂದು ತಾತನಿಗೋ ಅಜ್ಜಿಗೋ ನೀವೇ ವಿವರಿಸಿ. ಉಗುರಿನಷ್ಟು ಬಿರುಕು ಇಡೀ ವ್ಯಾನನ್ನು ಕೆಮ್ಮಿಸಿದ್ದು ಹೇಗೆ ಎಂಬುದು ಅವರಿಗೂ ಆಗ ತಿಳಿಯುತ್ತದೆ. ಉಳಿದ ಎಳನೀರನ್ನು ಇಬ್ಬರೂ ಸಮನಾಗಿ ಹಂಚಿಕೊಳ್ಳಿ.